ಇಪ್ಪತ್ತೆಂಟಕ್ಕೇ ನಿಂತ ತಿದ್ದುಪಡಿ

ಅಮೆರಿಕದ ಸಂವಿಧಾನಕ್ಕೆ ಸೇರಿಸಲೆಂದು 1924ರಲ್ಲಿ ರೂಪುಗೊಂಡ ಬಾಲಕಾರ್ಮಿಕ ತಿದ್ದುಪಡಿಯಲ್ಲಿರುವುದು ಎರಡೇ ಕಲಮುಗಳು. ಹದಿನೆಂಟು ವರ್ಷದೊಳಗಿನವರ ದುಡಿಮೆಗೆ ಮಿತಿ ಹಾಕುವ, ಅದನ್ನು ನಿಯಂತ್ರಿಸುವ, ನಿಷೇಧಿಸುವ ಅಧಿಕಾರವನ್ನು ಮೊದಲನೆಯದು ಕಾಂಗ್ರೆಸ್ಸಿಗೆ ಕೊಡುತ್ತದೆ. ರಾಜ್ಯಗಳ ಅಧಿಕಾರ ಹಾಗೇ ಉಳಿಯುತ್ತದೆ, ಕೇಂದ್ರದ ಕಾನೂನಿಗೆ ಎದುರಾದಷ್ಟು ಮಟ್ಟಿಗೆ ಮಾತ್ರ ರಾಜ್ಯದ ಕಾನೂನು ಹಿಂದೆ ಸರಿಯಬೇಕು ಎನ್ನುವುದು ಎರಡನೆಯದು. ಆಗಿನ 48 ರಾಜ್ಯಗಳಲ್ಲಿ 36 ಒಪ್ಪಬೇಕಿತ್ತು. ಒಪ್ಪಿದ್ದು 28. ಮುಂದೆ 1938ರಲ್ಲಿ ಕಾನೂನೇ ಬಂದದ್ದರಿಂದ ತಿದ್ದುಪಡಿಯ ಅಗತ್ಯ ತೀರಿತು ಎಂದು ಹೇಳುವವರಿದ್ದಾರೆ. ನಾನದನ್ನು ಒಪ್ಪುವುದಿಲ್ಲ. ಆ 28 ರಾಜ್ಯಗಳು ಯಾವಾಗ ಒಪ್ಪಿದವು, ಏಕೆ ಒಪ್ಪಿದವು ಎಂದು ನೋಡಿದರೆ, ತೀರಿದ್ದು ದೊಡ್ಡವರ ಅಗತ್ಯ ಎನಿಸುತ್ತದೆ.

ತಿದ್ದುಪಡಿಯ ದಾರಿ ಹಿಡಿಯುವಂತೆ ಮಾಡಿದ್ದು ನ್ಯಾಯಾಲಯ. 1916ರ ಕೀಟಿಂಗ್-ಓವನ್ ಕಾಯ್ದೆ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಂಡ ಕಾರ್ಖಾನೆಯ ಸರಕು ರಾಜ್ಯದ ಗಡಿ ದಾಟದಂತೆ ತಡೆಯಿತು. ಉತ್ತರ ಕೆರೊಲಿನಾದ ಷಾರ್ಲಟ್‌ನ ಹತ್ತಿ ಗಿರಣಿಯಲ್ಲಿ ಇಬ್ಬರು ಗಂಡುಮಕ್ಕಳೊಂದಿಗೆ ದುಡಿಯುತ್ತಿದ್ದ ರೋಲಂಡ್ ಡೇಗನ್‌ಹಾರ್ಟ್ ಅದರ ವಿರುದ್ಧ ಕೋರ್ಟಿಗೆ ಹೋದ. ಹೆಸರು ಆತನದು, ಏರ್ಪಾಡು ಗಿರಣಿ ಮಾಲೀಕರದು. 1918ರಲ್ಲಿ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಿಂದ ಕಾಯ್ದೆಯನ್ನು ರದ್ದು ಮಾಡಿತು. ಮಕ್ಕಳನ್ನು ದುಡಿಸಿಕೊಳ್ಳುವವರ ಲಾಭದ ಮೇಲೆ ಶೇ. 10 ತೆರಿಗೆ ಹಾಕಿದ ಎರಡನೇ ಯತ್ನವೂ 1922ರಲ್ಲಿ ಬಿದ್ದುಹೋಯಿತು. ಡೇಗನ್‌ಹಾರ್ಟ್ ತೀರ್ಪಿನ ಕೆಲ ವರ್ಷಗಳ ನಂತರ ಪತ್ರಕರ್ತರೊಬ್ಬರು ಹುಡುಕಿಕೊಂಡು ಹೋದಾಗ, ತಂದೆ ಗೆದ್ದುಕೊಟ್ಟ ಆ 'ಹಕ್ಕಿ'ನಿಂದ ತನಗೆ ಓದು ತಪ್ಪಿತೆಂದು ಮಗ ರೂಬೆನ್ ಮರುಗಿದನಂತೆ. ಈ ಮೊಕದ್ದಮೆಯ ಬಗ್ಗೆ ಕಾನೂನು ಪಂಡಿತರು ಎಷ್ಟೇ ಬರೆದಿರಲಿ, ನನಗೆ ಅವನ ಸಂಕಟವೇ ಕೊನೆಯ ತೀರ್ಪು.

ಕಾಂಗ್ರೆಸ್ಸಿನ ಕೆಳಮನೆಯಲ್ಲಿ 297-69, ಸೆನೆಟ್‌ನಲ್ಲಿ 61-23 ಮತಗಳಿಂದ ತಿದ್ದುಪಡಿ ಸುಲಭವಾಗಿ ಪಾಸಾಯಿತು. ಆರ್ಕನ್ಸಾ ತಿಂಗಳೊಳಗೇ ಒಪ್ಪಿ ಮೊದಲ ರಾಜ್ಯವಾಯಿತು. ಅಲ್ಲಿಂದಾಚೆಗೆ ಎಲ್ಲೆಡೆ ತಡೆ. ಸಂಬಳದ ನೌಕರಿಗಷ್ಟೇ ಸೀಮಿತವಾಗದೆ 'ದುಡಿಮೆ' ಎಂದು ವ್ಯಾಪಕವಾಗಿ ಬರೆದದ್ದು, ವಯಸ್ಸನ್ನು ಹದಿನೆಂಟಕ್ಕೆ ಏರಿಸಿದ್ದು, ಎರಡನ್ನೂ ವಿರೋಧಿಗಳು ಅಸ್ತ್ರ ಮಾಡಿಕೊಂಡರು. ಇನ್ನು ಮಗಳು ಅಮ್ಮನ ಜೊತೆ ಪಾತ್ರೆ ತೊಳೆಯುವಂತಿಲ್ಲ, ಮಗ ಅಪ್ಪನ ಹೊಲಕ್ಕೆ ಹೋಗುವಂತಿಲ್ಲ, ವಾಷಿಂಗ್‌ಟನ್‌ನಿಂದ ಅಧಿಕಾರಿ ಬಂದು ಅಡುಗೆಮನೆ ಇಣುಕುತ್ತಾನೆ ಎಂಬ ಪ್ರಚಾರ ಹಳ್ಳಿಹಳ್ಳಿಗೆ ತಲುಪಿತು. ರೈತರ ಹೆಸರಿಟ್ಟುಕೊಂಡ ಒಂದು ಸಂಘದ ಬೆನ್ನಿಗೆ ದಕ್ಷಿಣದ ಜವಳಿ ಉದ್ಯಮ ನಿಂತಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಕಾರ್ಡಿನಲ್ ಓಕಾನಲ್ ವಿರೋಧಿಸಿದರು, ಹಾರ್ವರ್ಡ್‌ನ ಅಧ್ಯಕ್ಷ ಲೊವೆಲ್ ವಿರೋಧಿಸಿದರು. ಆ ನವೆಂಬರಿನ ಜನಮತದಲ್ಲಿ ಒಬ್ಬರು ಬೇಕೆಂದರೆ ಮೂವರು ಬೇಡವೆಂದರು.

ಇಷ್ಟು ವಿಶಾಲವಾಗಿ ಬರೆದದ್ದು ತಂತ್ರದ ದೃಷ್ಟಿಯಿಂದ ದುಬಾರಿಯಾಯಿತು ನಿಜ. ಆದರೂ ಬರೆದವರ ಕಡೆಗೇ ನನ್ನ ಮತ. ತಂದೆತಾಯಿಯ ಪಕ್ಕದಲ್ಲಿ ಕೂತು ಬಾಡಿಗೆ ಕೋಣೆಯಲ್ಲಿ ಹೊಲಿಯುವ, ಬೀಟ್ ಗದ್ದೆಯಲ್ಲಿ ಗಡ್ಡೆ ಕೀಳುವ ಮಗು ಯಾರ ಸಂಬಳ ಪಟ್ಟಿಯಲ್ಲೂ ಇರುವುದಿಲ್ಲ. 'ನೌಕರಿ' ಎಂದು ಬರೆದಿದ್ದರೆ ಆ ಮಗು ಕಾನೂನಿನ ಕಣ್ಣಿಗೇ ಬೀಳುತ್ತಿರಲಿಲ್ಲ.

1932ರ ಕೊನೆಗೆ ಒಪ್ಪಿದ್ದ ರಾಜ್ಯಗಳು ಆರೇ ಆರು. 1933 ಒಂದೇ ವರ್ಷದಲ್ಲಿ ಹದಿನಾಲ್ಕು ಬಂದು ಸೇರಿದವು: ಓಹಿಯೊ, ಮಿಷಿಗನ್, ಇಲಿನಾಯ್, ಪೆನ್ಸಿಲ್ವೇನಿಯಾದಂಥ ದೊಡ್ಡ ಕೈಗಾರಿಕಾ ರಾಜ್ಯಗಳು ಸಹ. ಮಕ್ಕಳ ಮೇಲೆ ಏಕಾಏಕಿ ಕರುಣೆ ಉಕ್ಕಿತೇ? ಆ ವರ್ಷ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಕಡಿಮೆ ಕೂಲಿಗೆ ಮಗ ಗಿರಣಿಗೆ ಹೋಗುತ್ತಿದ್ದ, ಅಪ್ಪ ಮನೆಯಲ್ಲಿ ಕೂತಿದ್ದ. ಮಗುವನ್ನು ಹೊರಗೆ ಕಳಿಸಿದರೆ ದೊಡ್ಡವರಿಗೆ ಜಾಗ ಎಂಬ ಲೆಕ್ಕ ಶಾಸನಸಭೆಗಳನ್ನು ಮಣಿಸಿತು. ಅದೇ ಬೇಸಿಗೆಯಲ್ಲಿ ಹತ್ತಿ ಗಿರಣಿಗಳ ಮಾಲೀಕರು ಹದಿನಾರರ ಮಿತಿಯನ್ನು ತಮ್ಮ ಉದ್ಯಮದ ಸಂಹಿತೆಯಲ್ಲಿ ತಾವೇ ಒಪ್ಪಿಕೊಂಡರು. ಒಂಬತ್ತು ವರ್ಷ ಮಕ್ಕಳ ಹೆಸರಿನಲ್ಲಿ ಬೇಡಿದಾಗ ತೆರೆಯದ ಬಾಗಿಲು ಆಗ ತೆರೆಯಿತು. ಫ್ಲಾರೆನ್ಸ್ ಕೆಲ್ಲಿ ಅದನ್ನು ನೋಡಲಿಲ್ಲ. ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಹೋರಾಟಕ್ಕೆ ಬದುಕನ್ನೇ ತೆತ್ತ ಆಕೆ 1932ರಲ್ಲೇ ತೀರಿಕೊಂಡಿದ್ದರು.

ಅಂಥ ಬೆಂಬಲ ಬಹಳ ಕಾಲ ನಿಲ್ಲಲಿಲ್ಲ. 1937ರಲ್ಲಿ ಕಾನ್ಸಾಸ್ ಸೆನೆಟ್‌ನಲ್ಲಿ 20-20 ಸಮಬಲವಾಗಿ, ಲೆಫ್ಟಿನೆಂಟ್ ಗವರ್ನರ್ ಮತದಿಂದ ಅನುಮೋದನೆ ಸಿಕ್ಕಿತು. ಅದರಾಚೆ ಒಂದು ರಾಜ್ಯವೂ ಇಲ್ಲ. 1938ರ ನ್ಯಾಯಯುತ ದುಡಿಮೆ ಮಾನದಂಡ ಕಾಯ್ದೆಯನ್ನು 1941ರಲ್ಲಿ ಕೋರ್ಟ್ ಎತ್ತಿಹಿಡಿದು ತನ್ನ 1918ರ ತೀರ್ಪನ್ನು ತಾನೇ ಅಳಿಸಿತು. ಗೆಲುವೆಂದು ಎಲ್ಲರೂ ನಂಬಿದರು. ಆದರೆ ಕಾಯ್ದೆ ಹೊಲವನ್ನು ಬಹುಮಟ್ಟಿಗೆ ಹೊರಗಿಟ್ಟಿತು. ಇಂದಿಗೂ ಅಲ್ಲಿ ಹನ್ನೆರಡರ ಹುಡುಗ ತಂದೆತಾಯಿ ಒಪ್ಪಿದರೆ ಶಾಲೆಯ ಹೊತ್ತು ಬಿಟ್ಟು ಕೂಲಿಗೆ ಹೋಗಬಹುದು. ಹಸಿ ತಂಬಾಕು ಎಲೆಯ ನಿಕೋಟಿನ್ ಚರ್ಮದೊಳಗಿಳಿದು ವಾಂತಿಯಾಗುವ ಹೊಲಕ್ಕೂ. 2023ರಲ್ಲಿ ಆರ್ಕನ್ಸಾ, ಅದೇ ಮೊದಲ ರಾಜ್ಯ, ಹದಿನಾರರೊಳಗಿನವರಿಗೆ ಬೇಕಿದ್ದ ಕೆಲಸದ ಪರವಾನಗಿಯನ್ನೇ ತೆಗೆದುಹಾಕಿತು.

ತಿದ್ದುಪಡಿಯಿದ್ದಿದ್ದರೆ ಇದು ತಾನಾಗಿ ತಪ್ಪುತ್ತಿರಲಿಲ್ಲ. ಅದರ ನಿಜವಾದ ಕೊರತೆ ಇದೇ: ಮಗುವಿಗೆ ಹಕ್ಕು ಕೊಡದೆ ಕಾಂಗ್ರೆಸ್ಸಿಗೆ ಅಧಿಕಾರವನ್ನಷ್ಟೇ ಕೊಡುತ್ತದೆ. ನಮ್ಮ ಸಂವಿಧಾನದ 24ನೇ ವಿಧಿ ನೇರವಾಗಿ ನಿಷೇಧಿಸುತ್ತದೆ, ಆದರೆ ಹದಿನಾಲ್ಕರೊಳಗಿನವರಿಗೆ, ಕಾರ್ಖಾನೆ, ಗಣಿ, ಅಪಾಯಕಾರಿ ಕೆಲಸಗಳಿಗೆ ಮಾತ್ರ. 2016ರ ನಮ್ಮ ಕಾನೂನು ತಿದ್ದುಪಡಿಯಲ್ಲಿ ಶಾಲೆಯ ನಂತರ ಮನೆತನದ ಕಸುಬಿಗೆ ಕೊಟ್ಟ ವಿನಾಯಿತಿಯ ಹಿಂದೆಯೂ ಅದೇ ಅಪ್ಪನ ಹೊಲ, ಅಮ್ಮನ ಅಡುಗೆಮನೆಯ ವಾದವಿದೆ. ನೇಯ್ಗೆಯ ಮನೆಯಲ್ಲಿ, ಬೀಡಿ ಸುತ್ತುವ ಜಗುಲಿಯಲ್ಲಿ ಮಗು ಕಲಿಯುತ್ತಿದೆಯೋ ದುಡಿಯುತ್ತಿದೆಯೋ ಎಂದು ಬೇರ್ಪಡಿಸುವುದು ಯಾವ ಇನ್‌ಸ್ಪೆಕ್ಟರಿಗೂ ಸುಲಭವಲ್ಲ.

ಆದರೂ ಅಮೆರಿಕದ ಆ ಎರಡು ಕಲಮುಗಳು ಬೇಕು. ಈಗಿನ ಕೇಂದ್ರ ಕಾನೂನು ನಿಂತಿರುವುದು ರಾಜ್ಯಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಕಾಂಗ್ರೆಸ್ಸಿನ ಅಧಿಕಾರಕ್ಕೆ ಕೋರ್ಟ್ ಕೊಟ್ಟ ಅರ್ಥದ ಮೇಲೆ. ಆ ಅರ್ಥವನ್ನು ಐವರು ನ್ಯಾಯಮೂರ್ತಿಗಳು ಮತ್ತೆ ಬದಲಿಸಬಲ್ಲರು. ತಿದ್ದುಪಡಿಗೆ ಗಡುವು ಇಟ್ಟಿರಲಿಲ್ಲ, ಆದ್ದರಿಂದ ಅದಿನ್ನೂ ರಾಜ್ಯಗಳ ಮುಂದಿದೆ. ಐವತ್ತು ರಾಜ್ಯಗಳ ಈಗಿನ ಲೆಕ್ಕದಲ್ಲಿ ಇನ್ನು ಹತ್ತು ಸಾಕು. ನ್ಯೂಯಾರ್ಕ್ ಒಪ್ಪಿಲ್ಲ, ಮ್ಯಾಸಚೂಸೆಟ್ಸ್ ಒಪ್ಪಿಲ್ಲ. ಮೊದಲು ಕೇಳಬೇಕಾದದ್ದು ಅವರನ್ನು.