ಬರೆದದ್ದು ಕಂಡಿತು, ಓದಿದ್ದು ಕಾಣಲಿಲ್ಲ

ಲಿನಕ್ಸ್ ಕರ್ನಲ್‌ನೊಳಗಿನ ಡೇಟಾ ರೇಸ್‌ಗಳನ್ನು ಹಿಡಿಯುವ ಕೆಸಿಸ್ಯಾನ್ ಎಂಬ ಉಪಕರಣ 2020ರಲ್ಲಿ, 5.8ನೇ ಆವೃತ್ತಿಯ ಜೊತೆ ಹೊರಬಂತು. ಗೂಗಲ್‌ನ ಮಾರ್ಕೊ ಎಲ್ವರ್ ಮತ್ತು ಸಂಗಡಿಗರು ಹೂಡಿದ ಉಪಾಯ ಸರಳವಾಗಿದೆ. ಮೆಮೊರಿಯನ್ನು ಓದುವ, ಬರೆಯುವ ಕಡೆಯಲ್ಲೆಲ್ಲ ಕಂಪೈಲರ್ ಒಂದು ಪುಟ್ಟ ಕರೆ ಸೇರಿಸುತ್ತದೆ. ಕೆಸಿಸ್ಯಾನ್ ಅವುಗಳಲ್ಲಿ ಸಾವಿರಾರನ್ನು ಹೋಗಗೊಟ್ಟು, ಆಗೊಂದು ಈಗೊಂದನ್ನು ಆರಿಸಿ, ಆ ವಿಳಾಸಕ್ಕೆ ಕಾವಲಿಟ್ಟು, ಒಂದಿಷ್ಟು ಮೈಕ್ರೊಸೆಕೆಂಡ್ ಸುಮ್ಮನೆ ಕಾಯುತ್ತದೆ. ಅಷ್ಟರಲ್ಲಿ ಇನ್ನೊಂದು ಸಿಪಿಯು ಅಲ್ಲಿಗೇ ಕೈಹಾಕಿ, ಇಬ್ಬರಲ್ಲಿ ಒಬ್ಬರಾದರೂ ಬರೆಯುತ್ತಿದ್ದರೆ ಸಾಮಾನ್ಯವಾಗಿ ವರದಿ ಬೀಳುತ್ತದೆ. ಊಹೆಯ ಮಾತಿಲ್ಲ, ನಡೆದದ್ದನ್ನೇ ಹಿಡಿಯುತ್ತದೆ.

ತೊಡಕಿರುವುದು ಆ ಕರೆಗಳನ್ನು ಸೇರಿಸುವವನಲ್ಲಿ. ಕರೆ ಸೇರಿಸುವ ಯಂತ್ರಾಂಗ ಕರ್ನಲ್‌ಗಾಗಿ ಹುಟ್ಟಿದ್ದಲ್ಲ, ಸಾಮಾನ್ಯ ಪ್ರೋಗ್ರಾಂಗಳಿಗೆಂದು ಮಾಡಿದ ಥ್ರೆಡ್ ಸ್ಯಾನಿಟೈಸರ್‌ನದು. ಕ್ಲ್ಯಾಂಗ್ ಕಂಪೈಲರ್ ಅದರಲ್ಲೊಂದು ಜಾಣ ಉಳಿತಾಯ ಮಾಡುತ್ತದೆ: ಒಂದೇ ವಿಳಾಸವನ್ನು ಓದಿ ಬೆನ್ನಿಗೇ ಬರೆದರೆ, ಓದಿಗೆ ಬೇರೆ ತಪಾಸಣೆ ಇಲ್ಲ, ಬರಹಕ್ಕೆ ಮಾತ್ರ. ಓದಿನ ಜೊತೆ ಯಾರು ಡಿಕ್ಕಿ ಹೊಡೆದರೂ ಬರಹದ ಜೊತೆಗೂ ಹೊಡೆದೇ ಹೊಡೆಯುತ್ತಾರೆ ಎಂಬುದು ಅದರ ತರ್ಕ. ಸಿ ಭಾಷೆಯ ನಿಯಮ ಪಾಲಿಸುವ ಪ್ರೋಗ್ರಾಂಗೆ ಅದು ಸರಿಯೇ.

ಕರ್ನಲ್‌ನ ವ್ಯವಹಾರ ಬೇರೆ. ಪದದಳತೆ ಮೀರದ, ಸರಿಯಾಗಿ ಅಲೈನ್ ಆದ ಬರಹವನ್ನು, ಯಾವ ಗುರುತು ಹಾಕದಿದ್ದರೂ, ಅಟಾಮಿಕ್, ಅಂದರೆ ನಡುವೆ ಒಡೆಯದ್ದು, ಎಂದೇ ಕೆಸಿಸ್ಯಾನ್ ತಾನಾಗಿ ನಂಬುತ್ತದೆ. ದಶಕಗಳ ಕೋಡ್ ಹಾಗೇ ಬರೆದಿರುವಾಗ, ನಂಬದಿದ್ದರೆ ವರದಿಗಳ ಪ್ರವಾಹದಲ್ಲಿ ಯಾರೂ ಏನನ್ನೂ ಓದಲಾರರು.

ಈಗ ಎರಡನ್ನೂ ಕೂಡಿಸಿ ನೋಡಿ. ಒಂದು ಎಣಿಕೆಯನ್ನು ಒಂದರಿಂದ ಏರಿಸುವ ಸಾಲು. ಅದರಲ್ಲಿ ಓದು, ಕೂಡು, ಬರೆ ಮೂರೂ ಇವೆ. ಓದಿನ ತಪಾಸಣೆಯನ್ನು ಕಂಪೈಲರ್ ಉಳಿತಾಯವೆಂದು ಬಿಟ್ಟಿತು. ಉಳಿದ ಬರಹವನ್ನು ಕೆಸಿಸ್ಯಾನ್ ಅಟಾಮಿಕ್ ಎಂದು ಮಾಫಿ ಮಾಡಿತು. ಎರಡು ಸಿಪಿಯುಗಳು ಒಟ್ಟಿಗೆ ಏರಿಸಿ ಒಂದರ ಏರಿಕೆ ಕಳೆದುಹೋದರೂ ವರದಿ ಇಲ್ಲ! ತಂತಮ್ಮ ಮಟ್ಟಿಗೆ ಎರಡು ತೀರ್ಮಾನಗಳೂ ಸಮರ್ಥನೀಯ, ಸೇರಿದಾಗ ಮಾತ್ರ ಕುರುಡು.

2020ರಲ್ಲೇ ಬಂದ ಪರಿಹಾರವೇ ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಮೆಚ್ಚಿಗೆಯಾದ ಭಾಗ. ಉಳಿತಾಯವನ್ನು ಕಿತ್ತುಹಾಕಿ ಓದಿಗೊಂದು ಬರಹಕ್ಕೊಂದು ಕರೆ ಹಾಕಿಸುವುದು ಸುಲಭದ ದಾರಿ. ಹಳೆಯ ಕಂಪೈಲರ್‌ಗಳಿಗೆ ಅದನ್ನೂ ಇಟ್ಟರು. ಆದರೆ ಕ್ಲ್ಯಾಂಗ್‌ಗೆ ಹೊಸದೊಂದನ್ನು ಕಲಿಸಿದರು: ಕರೆ ಒಂದೇ ಇರಲಿ, ಆದರೆ ಇದು ಓದಿ ಬರೆದದ್ದು ಎಂದು ಅದು ಹೇಳಲಿ. ಅಂಥ ಜೋಡಿ ಕರೆಗೆ ಅಟಾಮಿಕ್ ಎಂಬ ಮಾಫಿ ಅನ್ವಯಿಸುವುದಿಲ್ಲ. ಇದೇ ನ್ಯಾಯ, ಏಕೆಂದರೆ x86ನಲ್ಲಿ ಇಡೀ ಏರಿಕೆ ಒಂದೇ ಸೂಚನೆಯಾಗಿ ಬಂದರೂ, ಲಾಕ್ ಪೂರ್ವಪದವಿಲ್ಲದೆ ಬೇರೆ ಸಿಪಿಯುಗಳೆದುರು ಅದು ಅಟಾಮಿಕ್ ಅಲ್ಲ. ಖರ್ಚು ಏರಲಿಲ್ಲ, ವರದಿಯ ಮಾತೂ ಸ್ಪಷ್ಟವಾಯಿತು.

ಆದರೆ ಗುರುತಿಲ್ಲದ ಬರಹವೂ ಅಟಾಮಿಕ್ ಎಂಬ ಮೂಲ ನಂಬಿಕೆಯ ಬಗ್ಗೆ ನನಗೊಂದು ತಕರಾರಿದೆ. ಕಂಪೈಲರ್ ಒಂದು ಬರಹವನ್ನು ಎರಡಾಗಿ ಒಡೆಯಬಲ್ಲದು ಎಂದು ಕರ್ನಲ್‌ನ ಮೆಮೊರಿ ಬ್ಯಾರಿಯರ್ ದಸ್ತಾವೇಜೇ ಉದಾಹರಣೆ ಕೊಟ್ಟು ಎಚ್ಚರಿಸುತ್ತದೆ; ಅದೇ ಕರ್ನಲ್‌ನ ತಪಾಸಕ ಹಾಗಾಗದೆಂದು ನಂಬಿ ಕೂತಿದೆ. ಕಟ್ಟುನಿಟ್ಟಿನ ಆಯ್ಕೆ ಇದೆ ನಿಜ, ಬೇಕಾದವರು ಹುಡುಕಿ ಹಾಕಿಕೊಳ್ಳಬೇಕು.

ಇನ್ನೊಂದು ದೋಷ ಉಪಕರಣದ್ದಲ್ಲ, ಬಳಸುವವರದು. ವರದಿ ಬಂದೊಡನೆ ರೀಡ್ ಒನ್ಸ್, ರೈಟ್ ಒನ್ಸ್ ಎಂಬ ಗುರುತುಗಳನ್ನು ಮೆತ್ತಿ ಬಾಯಿ ಮುಚ್ಚಿಸುವ ಚಾಳಿ. ಅವು ಓದನ್ನೋ ಬರಹವನ್ನೋ ಕಂಪೈಲರ್ ಒಡೆಯದಂತೆ, ನುಂಗದಂತೆ ತಡೆಯುತ್ತವೆ, ಅಷ್ಟೇ. ಏರಿಸುವ ಸಾಲಿನ ಎರಡೂ ತುದಿಗೆ ಅವನ್ನು ಹಚ್ಚಿದರೆ ಕೆಸಿಸ್ಯಾನ್ ಸುಮ್ಮನಾಗುತ್ತದೆ, ಎಣಿಕೆ ಮಾತ್ರ ಮೊದಲಿನಂತೆಯೇ ತಪ್ಪುತ್ತದೆ. ಅಲ್ಲಿ ಬೇಕಾಗಿದ್ದದ್ದು ಲಾಕ್, ಇಲ್ಲವೇ ನಿಜವಾದ ಅಟಾಮಿಕ್ ಏರಿಕೆ.