ಗ್ರಹಣ ತಿದ್ದಿದ ಗಣಿತ

ಶನಿ ಕುಂಭ ಬಿಟ್ಟು ಮೀನಕ್ಕೆ ಬಂದದ್ದು 2025ರ ಮಾರ್ಚ್ 29ರಂದು ಎಂದು, ಕಣ್ಣಿಗೆ ಕಾಣುವ ಆಕಾಶಕ್ಕೆ ಲೆಕ್ಕ ಹೊಂದಿಸುವ ದೃಕ್ ಪಂಚಾಂಗಗಳು ಬರೆದವು. ತಿರುನಳ್ಳಾರಿನ ಶನೀಶ್ವರ ದೇವಸ್ಥಾನ ನಂಬುವ, ಬಾಯಿಪಾಠದ ಹಳೆಯ ವಾಕ್ಯಗಳಿಂದ ಗುಣಿಸುವ ವಾಕ್ಯ ಪಂಚಾಂಗದಲ್ಲಿ ಅದೇ ಪ್ರವೇಶ 2026ಕ್ಕೆ. ಹೊಸೂರಿನ ಪಕ್ಕದ ಜೂಜುವಾಡಿಯಂಥ ಗಡಿಯೂರಿನಲ್ಲಿ ಇದು ದೂರದ ಪಂಡಿತರ ಜಗಳವಲ್ಲ. ಅತ್ತಿಬೆಲೆ ದಾಟಿದ ಕೂಡಲೇ ಸಿಗುವ ಈ ಭಾಗದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ಚಾಂದ್ರಮಾನ ಯುಗಾದಿ ಮಾಡುವವರ ನೆರೆಯಲ್ಲೇ ಸೌರಮಾನದ ಚಿತ್ತಿರೈ ಹಬ್ಬ ಮಾಡುವವರಿದ್ದಾರೆ. ಸಾಡೇಸಾತಿ ಮುಗಿಯಿತೇ ಎಂದು ಕೇಳುವ ಮಕರ ರಾಶಿಯವರಿಗೆ ಎರಡು ಪಂಚಾಂಗಗಳು ಹೆಚ್ಚುಕಡಿಮೆ ಒಂದು ವರ್ಷದ ಅಂತರದಲ್ಲಿ ಉತ್ತರ ಹೇಳುತ್ತವೆ.

ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಮಾತ್ರ ಇವೆರಡೂ ಇಷ್ಟು ದೂರ ಸರಿಯುವುದಿಲ್ಲ. ಚಂದ್ರನಲ್ಲಿ ಅಷ್ಟು ಬಿಗಿಯಾಗಿದ್ದ ಲೆಕ್ಕ ಶನಿಯಲ್ಲಿ ಯಾಕೆ ಸಡಿಲವಾಯಿತು? ದಕ್ಷಿಣದ ಗಣಿತ ಗ್ರಂಥಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಕಾಣುವುದಿಲ್ಲ. ಕೋಪರ್ನಿಕಸ್‌ಗಿಂತ ನಮ್ಮವರು ಮೊದಲೋ ಎಂಬ ಪೈಪೋಟಿಯಿಂದ ಈ ಗ್ರಂಥಗಳ ಒಳಗುಟ್ಟು ತಿಳಿಯುವುದಿಲ್ಲ.

ವಾಕ್ಯ ಪದ್ಧತಿಯ ಜೀವಾಳ 248 ಚಂದ್ರವಾಕ್ಯಗಳು. ಭೂಮಿಯಿಂದ ಅತಿ ದೂರದ ಬಿಂದುವನ್ನು ಬಿಟ್ಟ ಚಂದ್ರ ಮತ್ತೆ ಅಂಥದೇ ಬಿಂದುವಿಗೆ ಬರಲು ಸುಮಾರು 27.55 ದಿನ ಬೇಕು. ಇಂಥ ಒಂಬತ್ತು ಸುತ್ತು ಕೂಡಿದರೆ 248 ದಿನಕ್ಕೆ ಕೂದಲೆಳೆಯಷ್ಟೇ ಕಡಿಮೆ. ಆದ್ದರಿಂದ ಅಷ್ಟು ದಿನಗಳ ಸ್ಥಾನಗಳನ್ನು ಒಮ್ಮೆ ಗುಣಿಸಿಟ್ಟರೆ, ಸಣ್ಣ ತಿದ್ದುಪಡಿಯೊಂದಿಗೆ ಅದೇ ಸಾಲನ್ನು ಮತ್ತೆ ಮತ್ತೆ ಬಳಸಬಹುದು. ಅಂಕಿಗಳನ್ನು ಕಟಪಯಾದಿ ಕ್ರಮದಲ್ಲಿ ಅಕ್ಷರಗಳಾಗಿಸಿ ವಾಕ್ಯ ಕಟ್ಟಿದರು. ಬಾಯಿಪಾಠ ಮಾಡಿದವನಿಗೆ ಕೋಷ್ಟಕವೆಲ್ಲ ನಾಲಿಗೆಯ ಮೇಲೆ.

ಜಾನ್ ವಾರನ್ 1825ರ ‘ಕಾಲ ಸಂಕಲಿತ’ದಲ್ಲಿ ಇದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮೈಸೂರು ಸೀಮೆಯ ಗಡಿ ಸರ್ವೆಗೆ ಬಂದು 1802ರಲ್ಲಿ ಕೋಲಾರದ ಚಿನ್ನದ ಸುಳಿವು ಹಿಡಿದ ವಾರನ್ ಈತನೇ. ಪುದುಚೇರಿಯ ಪಂಚಾಂಗದವನೊಬ್ಬ ನೆಲದ ಮೇಲೆ ಕವಡೆಗಳನ್ನು ಜೋಡಿಸುತ್ತ, ಒಂದಂಕಿಯನ್ನೂ ಬರೆಯದೆ ಆ ವರ್ಷದ ಚಂದ್ರಗ್ರಹಣವನ್ನು ಗುಣಿಸಿ ತೋರಿಸಿದ. ಸ್ಪರ್ಶಕಾಲದಲ್ಲಿ ತಪ್ಪಿದ್ದು ಸುಮಾರು 4 ನಿಮಿಷ, ಮಧ್ಯದಲ್ಲಿ 23, ಮೋಕ್ಷದಲ್ಲಿ 52. ಕಾಗದವಿಲ್ಲದೆ ಬಂದ ಉತ್ತರವಿದು! ಇದನ್ನು ಬರೀ ಉರುಹೊಡೆಯುವಿಕೆ ಎಂದು ತಳ್ಳಿಹಾಕುವವರನ್ನು ನಾನು ಒಪ್ಪಲಾರೆ.

ಆದರೂ ಈ ಚಂದ್ರನೇ ಪದ್ಧತಿಯ ಮಿತಿಗೂ ಸಾಕ್ಷಿ. ಅವನ ನಡಿಗೆಯ ವೇಗ ಏರಿಳಿಯುವುದಕ್ಕೆ ಇವರು ಕೊಡುವ ತಿದ್ದುಪಡಿ, ಎಂದರೆ ಮಂದಫಲ, ಹೆಚ್ಚೆಂದರೆ ಸುಮಾರು 5 ಅಂಶ. ವಾಸ್ತವದಲ್ಲಿ ಅದು 6ಕ್ಕಿಂತ ಹೆಚ್ಚು. ಅದರ ಮೇಲೆ ಸೂರ್ಯನ ಸೆಳೆತದಿಂದ ಇನ್ನೊಂದು ಏರಿಳಿತವೂ ಇದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಎರಡನೆಯದು ಮೊದಲನೆಯದನ್ನು ತಗ್ಗಿಸಿ ಸರಿಯಾಗಿ 5ಕ್ಕೆ ತಂದು ನಿಲ್ಲಿಸುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಕೂಡಿಕೊಂಡು, ಲೆಕ್ಕ ಎರಡೂವರೆ ಅಂಶದವರೆಗೆ ಜಾರಬಹುದು. ಎಂದರೆ ಆ 5 ಎಂಬ ಸಂಖ್ಯೆ ಗ್ರಹಣಗಳನ್ನು ನೋಡಿ ನೋಡಿ ತಿದ್ದಿದ್ದು. ಹತ್ತನೆಯ ಶತಮಾನದ ಮುಂಜಾಲ ‘ಲಘುಮಾನಸ’ದಲ್ಲಿ ಎರಡನೆಯ ಸಂಸ್ಕಾರವನ್ನೂ ಕೊಟ್ಟಿದ್ದ. ಪಂಚಾಂಗದವರು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಗ್ರಹಣಕ್ಕೆ ಅದು ಬೇಕಿರಲಿಲ್ಲ.

ಗ್ರಹಣ ಊರೆಲ್ಲ ನೋಡುವ ಪರೀಕ್ಷೆ. ಸ್ನಾನಕ್ಕೆ ನೀರಿಗಿಳಿದವರ ಮುಂದೆ ಜೋಯಿಸರ ಮಾತು ನಿಲ್ಲಬೇಕು. ಶನಿ ಎರಡು ಅಂಶ ಹಿಂದಿದ್ದರೆ ಕೇಳುವವರಿಲ್ಲ. ಕೇರಳದ ಪರಮೇಶ್ವರ ದಶಕಗಳ ಕಾಲ ಗ್ರಹಣಗಳನ್ನು ಗಮನಿಸಿ 1431ರಲ್ಲಿ ‘ದೃಗ್ಗಣಿತ’ ಬರೆದದ್ದೂ ಈ ಒತ್ತಡದಿಂದಲೇ ಎಂಬುದು ನನ್ನ ಎಣಿಕೆ. ಅದೇ ಪರಂಪರೆಯ ನೀಲಕಂಠ ಸೋಮಯಾಜಿ ಮಾತ್ರ 1500ರ ಸುಮಾರಿನ ‘ತಂತ್ರಸಂಗ್ರಹ’ದಲ್ಲಿ ಬುಧ, ಶುಕ್ರರ ಲೆಕ್ಕದ ಬುಡಕ್ಕೇ ಕೈ ಹಾಕಿದ, ಅವುಗಳ ಮಂದಫಲವನ್ನು ಮಧ್ಯಮ (ಸರಾಸರಿ ಗತಿಯ) ಸೂರ್ಯನಿಂದ ಬಿಡಿಸಿ ಆಯಾ ಗ್ರಹದ ಸ್ವಂತ ಗತಿಗೇ ಹೊಂದಿಸಿದ. ಗ್ರಹಣದ ಹಂಗಿಲ್ಲದೆ ಯುಕ್ತಿಯಿಂದಲೇ ಬಂದ ತಿದ್ದುಪಡಿ ಅದು. ಈ ಇಡೀ ಪರಂಪರೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಹೆಜ್ಜೆಯೂ ಅದೇ. 1520ರಲ್ಲಿ ಗಣೇಶ ದೈವಜ್ಞ ಬರೆದ ‘ಗ್ರಹಲಾಘವ’ ಜ್ಯಾ (ಸೈನ್) ಕೋಷ್ಟಕಗಳನ್ನೇ ಬಿಟ್ಟು ಲೆಕ್ಕವನ್ನು ಹಗುರ ಮಾಡಿತು. ಉತ್ತರ ಕರ್ನಾಟಕದಲ್ಲಿ ಅದು ಬಹುಕಾಲ ಬಾಳಿತು. ಲಾಘವವೇ ಅದರ ಗುರಿ, ಅದನ್ನು ಸಾಧಿಸಿತು.

ಕನ್ನಡಕ್ಕೆ ದಕ್ಕಿದ್ದು ‘ಗಣಿತಗನ್ನಡಿ’. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ವಿದ್ದಣನ ಸಂಸ್ಕೃತ ‘ವಾರ್ಷಿಕತಂತ್ರ’ಕ್ಕೆ ಬರೆದ ಕನ್ನಡ ಟೀಕೆ ಇದು. ಭಾಷೆ ಕನ್ನಡ, ಲಿಪಿ ನಂದಿನಾಗರಿ. ಬಿ.ಎಸ್. ಶೈಲಜಾ ಮತ್ತು ಸೀತಾರಾಮ ಜಾವಗಲ್ ಇದನ್ನು ಓದಿ ಹೊರತಂದದ್ದು ದೊಡ್ಡ ಉಪಕಾರ. ಜ್ಯೇಷ್ಠದೇವ ಮಲಯಾಳಂನ ‘ಯುಕ್ತಿಭಾಷಾ’ದಲ್ಲಿ ಸೂತ್ರಗಳ ಉಪಪತ್ತಿಯನ್ನೇ ಬಿಡಿಸಿಟ್ಟ. ಜೋಯಿಸರು ಕಲಿಸುವುದು ಲೆಕ್ಕದ ದಾರಿಯನ್ನು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪಾಗುತ್ತದೆ. ಸಂಸ್ಕೃತ ಬಾರದವನೂ ಗ್ರಹಗತಿ ಗುಣಿಸಲಿ ಎಂಬ ಔದಾರ್ಯ ಕನ್ನಡ ಗ್ರಂಥದ್ದು.

ಯುರೋಪಿನಲ್ಲಿ ಗ್ರಹಗಳಿಗೂ ಗ್ರಹಣದಷ್ಟೇ ಕಟುವಾದ ಪರೀಕ್ಷೆ ಒದಗಿದ್ದು ದೂರದರ್ಶಕದಿಂದ. ಕೆಪ್ಲರ್ 1627ರ ಕೋಷ್ಟಕಗಳಿಂದ ಮುಂದಾಗಿ ಹೇಳಿದ್ದ ಬುಧ ಸಂಕ್ರಮಣವನ್ನು, ಎಂದರೆ ಬುಧ ಸೂರ್ಯಬಿಂಬದ ಮುಂದೆ ಹಾಯುವುದನ್ನು, 1631ರಲ್ಲಿ ಗಸೆಂಡಿ ಪ್ಯಾರಿಸ್ಸಿನಲ್ಲಿ ಕಂಡ. ಗುರುವಿನ ಚಂದ್ರಗಳು ಗುರುವಿನ ನೆರಳಿಗೆ ಹೊಕ್ಕು ಮರೆಯಾಗುವುದಂತೂ ನಿತ್ಯದ ಗ್ರಹಣ. ಕಸೀನಿ 1668ರಲ್ಲಿ ಅವಕ್ಕೆ ಕೋಷ್ಟಕ ಪ್ರಕಟಿಸಿದ. ಆ ಗ್ರಹಣಗಳ ಹೊತ್ತು ಹಿಂದುಮುಂದಾಗುವುದನ್ನು ಕಂಡೇ ರೋಮರ್ 1676ರಲ್ಲಿ ಬೆಳಕಿನ ಪಯಣಕ್ಕೂ ಕಾಲ ಬೇಕೆಂದ. ಬುದ್ಧಿಯಲ್ಲಿ ನಮ್ಮವರು ಹಿಂದೆ ಬಿದ್ದಿರಲಿಲ್ಲ. ಅವರ ಗ್ರಹಗಳಿಗೆ ಪರೀಕ್ಷಕರಿರಲಿಲ್ಲ.

ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಆ ಕೊರತೆಯನ್ನು ನೀಗಿಸಲು ಹೊರಟವರು. 1874ರ ಡಿಸೆಂಬರ್ 9ರ ಶುಕ್ರ ಸಂಕ್ರಮಣವನ್ನು ಜನರಿಗೆ ತಿಳಿಸಲು ಅವರು ಬರೆದ ಕಿರುಹೊತ್ತಿಗೆ ಕನ್ನಡದಲ್ಲೂ ಬಂತು. ದೃಗ್ಗಣಿತ ಪಂಚಾಂಗವನ್ನೂ ಪ್ರಕಟಿಸಿ, ಕಣ್ಣಿಗೆ ಕಾಣುವುದಕ್ಕೆ ಲೆಕ್ಕ ಹೊಂದಬೇಕೆಂದು ವಾದಿಸಿದರು. ಈಗ ‘ಗಣಿತಗನ್ನಡಿ’ಯಂಥ ಗ್ರಂಥಗಳನ್ನು ಸಂಪಾದಿಸುವವರು ಗ್ರಹಣಾಧ್ಯಾಯದ ನಿಖರತೆಗೆ ತೃಪ್ತಿಪಡದೆ, ಕುಜ ಗುರು ಶನಿಗಳ ಸೂತ್ರಗಳನ್ನೂ ಅಂದಿನ ಆಕಾಶದೊಂದಿಗೆ ಹೋಲಿಸಿ, ಎಷ್ಟು ಅಂಶ ತಪ್ಪಿತ್ತು, ಯಾವ ಕಡೆಗೆ ತಪ್ಪಿತ್ತು ಎಂದು ಪಕ್ಕದಲ್ಲೇ ಅಚ್ಚು ಹಾಕಬೇಕು.