ಸೂಚಿಯೂ ಒಂದು ಪಠ್ಯ: ಸಂಗ್ರಹಾಲಯಗಳ ದತ್ತಾಂಶವನ್ನು ಕುರಿತು

ವಸ್ತುಸಂಗ್ರಹಾಲಯಗಳೂ ಗ್ರಂಥಭಂಡಾರಗಳೂ ತಮ್ಮ ಸಂಗ್ರಹದ ಸೂಚಿಗಳನ್ನು ತಂತ್ರಾಂಶ ರಚನಕಾರರ ಕೈಗಿತ್ತು, ಅವುಗಳ ಮೇಲೆ ಪ್ರಯೋಗ ನಡೆಸುವಂತೆ ಆಹ್ವಾನಿಸುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ಈಗ ಬೇರೂರಿದೆ. ಈ ಔದಾರ್ಯ ಸ್ವಾಗತಾರ್ಹವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಹೀಗೆ ಹೊರಬರುವುದು ವಸ್ತುಗಳಲ್ಲ, ವಸ್ತುಗಳನ್ನು ಕುರಿತು ಬರೆದಿಟ್ಟ ವಿವರಗಳು. ಸೂಚಿಯೂ ಒಂದು ಪಠ್ಯ. ಅದಕ್ಕೂ ಕರ್ತೃವಿದ್ದಾನೆ, ಕಾಲವಿದೆ, ಉದ್ದೇಶವಿದೆ. ಆದುದರಿಂದ ಗ್ರಂಥಸಂಪಾದನೆಯ ದೃಷ್ಟಿಯಿಂದ ಅದನ್ನು ಪರಿಶೀಲಿಸುವುದು ಉಚಿತವಾಗಿದೆ.

ಬ್ರಿಟನ್ನಿನ ಟೇಟ್ ಕಲಾಸಂಗ್ರಹಾಲಯವು ೨೦೧೩ರಲ್ಲಿ ಸುಮಾರು ೭೦,೦೦೦ ಕಲಾಕೃತಿಗಳ ವಿವರಗಳನ್ನು, ಅವುಗಳ ಮೇಲೆ ಹಕ್ಕನ್ನು ಉಳಿಸಿಕೊಳ್ಳದೆ, ಗಿಟ್‌ಹಬ್ ತಾಣದಲ್ಲಿ ಬಿಡುಗಡೆ ಮಾಡಿತು. ಗಣಕದಿಂದ ಎಣಿಸಿದರೆ ಅರ್ಧಕ್ಕೂ ಮಿಕ್ಕ ನಮೂದುಗಳು ಜೆ.ಎಂ.ಡಬ್ಲ್ಯು. ಟರ್ನರ್ ಎಂಬ ಒಬ್ಬನೇ ಚಿತ್ರಕಾರನವು. ಬ್ರಿಟಿಷ್ ಕಲೆಯ ಅರ್ಧಭಾಗ ಅವನದೆಂದು ಇದರ ಅರ್ಥವಲ್ಲ. ಟರ್ನರನ ಮರಣಾನಂತರ, ೧೮೫೬ರಲ್ಲಿ, ಅವನ ಬಳಿ ಉಳಿದಿದ್ದ ಕೃತಿರಾಶಿ ರಾಷ್ಟ್ರದ ಸ್ವತ್ತಾಯಿತು. ಅದರಲ್ಲಿದ್ದ ರೇಖಾಚಿತ್ರ ಪುಸ್ತಿಕೆಗಳ ಒಂದೊಂದು ಹಾಳೆಯೂ ಸೂಚಿಯಲ್ಲಿ ಒಂದೊಂದು ಕೃತಿಯಾಗಿ ಸೇರಿದೆ. ಒಂದೊಂದು ವಚನವನ್ನೂ ಒಂದೊಂದು ಕೃತಿಯೆಂದು ಲೆಕ್ಕಹಾಕಿ, ಬಸವಣ್ಣನವರದು ಸಾವಿರಕ್ಕೂ ಮಿಕ್ಕ ಕೃತಿಗಳು, ಪಂಪನದು ಎರಡೇ ಎಂದು ಯಾರಾದರೂ ತೀರ್ಮಾನಿಸಿದರೆ ನಾವು ಒಪ್ಪುತ್ತೇವೆಯೆ? ಎಣಿಕೆಯಲ್ಲಿ ದೋಷವಿಲ್ಲ; ಎಣಿಕೆಯ ಘಟಕ ಯಾವುದೆಂಬ ಅರಿವು ಇಲ್ಲದಿರುವುದೇ ದೋಷ.

ಎರಡನೆಯ ಪ್ರಶ್ನೆ ಕಾಲಕ್ಕೆ ಸಂಬಂಧಿಸಿದುದು. ಟೇಟ್ ಬಿಡುಗಡೆ ಮಾಡಿದ ಈ ದತ್ತಾಂಶದ ಕೊನೆಯ ಪರಿಷ್ಕರಣ ೨೦೧೪ರ ಅಕ್ಟೋಬರಿನದು. ಅನಂತರ ಸಂಗ್ರಹಕ್ಕೆ ಬಂದ ಕೃತಿಗಳು ಅದರಲ್ಲಿಲ್ಲ. ಸಂಸ್ಥೆ ಇದನ್ನು ಸ್ಪಷ್ಟವಾಗಿಯೇ ತಿಳಿಸಿದೆ. ಆದರೆ ಪ್ರತಿಯಿಂದ ಪ್ರತಿಗೆ ಸಾಗುವಾಗ ಇಂತಹ ಎಚ್ಚರಿಕೆಗಳು ಮೊದಲು ಕಳಚಿಹೋಗುತ್ತವೆ. ನಮ್ಮ ಲಿಪಿಕಾರರಲ್ಲಿ ಅನೇಕರು ಓಲೆಗರಿಯ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ನಮೂದಿಸಿ, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಅರಿಕೆ ಮಾಡಿಕೊಳ್ಳುತ್ತಿದ್ದರು. ಪುಷ್ಪಿಕೆಯಿಲ್ಲದ ಪ್ರತಿಯನ್ನು ಸಂಪಾದಕನು ಎಷ್ಟು ಎಚ್ಚರದಿಂದ ಬಳಸುತ್ತಾನೋ ತಂತ್ರಾಂಶ ರಚನಕಾರನೂ ಅಷ್ಟೇ ಎಚ್ಚರದಿಂದ ದತ್ತಾಂಶವನ್ನು ಬಳಸಬೇಕಾಗುತ್ತದೆ.

ಬ್ರಿಟಿಷ್ ಲೈಬ್ರರಿಯ ನಿದರ್ಶನವು ಇದರ ಇನ್ನೊಂದು ಮುಖವನ್ನು ಕಾಣಿಸುತ್ತದೆ. ೧೭ರಿಂದ ೧೯ನೆಯ ಶತಮಾನದವರೆಗಿನ ಗ್ರಂಥಗಳಿಂದ ಗಣಕವೇ ಬೇರ್ಪಡಿಸಿದ ೧೦ ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಅದು ೨೦೧೩ರ ಡಿಸೆಂಬರಿನಲ್ಲಿ ಫ್ಲಿಕರ್ ತಾಣದಲ್ಲಿ ಪ್ರಕಟಿಸಿತು. ಯಾವ ಗ್ರಂಥ, ಯಾವ ಪುಟ ಎಂಬುದು ತಿಳಿದಿತ್ತೇ ಹೊರತು ಚಿತ್ರದಲ್ಲಿರುವುದೇನೆಂದು ಬರೆದಿರಲಿಲ್ಲ. ಈ ಕೊರತೆಯನ್ನು ಮರೆಮಾಚದೆ ಹೊರಗಿನವರ ನೆರವನ್ನು ಕೋರಿದುದು ಮೆಚ್ಚತಕ್ಕದ್ದು; ಚಿತ್ರರಾಶಿಯಲ್ಲಿ ಅಡಗಿದ್ದ ಭೂಪಟಗಳನ್ನು ಗುರುತಿಸಿದವರು ಸ್ವಯಂಸೇವಕರೇ. ೨೦೨೩ರ ಅಕ್ಟೋಬರಿನಲ್ಲಿ ಲೈಬ್ರರಿಯ ಗಣಕಜಾಲದ ಮೇಲೆ ದಾಳಿ ನಡೆದು, ಅದರ ಮುಖ್ಯಸೂಚಿ ೨೦೨೪ರ ಜನವರಿಯವರೆಗೆ ಓದುಗರಿಗೆ ದೊರೆಯದಾಯಿತು. ಹೊರಗಿನ ತಾಣದಲ್ಲಿದ್ದ ಆ ಚಿತ್ರಗಳಾದರೋ ಲೈಬ್ರರಿಯ ಗಣಕಗಳನ್ನು ಅವಲಂಬಿಸಿರಲಿಲ್ಲ. ಒಂದೇ ಮಠದ ಒಂದೇ ಕಟ್ಟನ್ನು ನೆಚ್ಚಿದ ಕಾವ್ಯಕ್ಕೆ ಗೆದ್ದಲಿನ ಭಯ ತಪ್ಪದು. ಹಲವು ಊರುಗಳಲ್ಲಿ ಪ್ರತಿಯಾದ ಕಾವ್ಯ ಉಳಿಯುತ್ತದೆ.

ನಾಡಿನ ಹೊರಗೆ ಕನ್ನಡದ ಸಂಶೋಧನೆಯಲ್ಲಿ ತೊಡಗಿರುವ ನಮಗೆ ಇದು ದೂರದ ಮಾತಲ್ಲ. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕನ್ನಡ ಕೈಫಿಯತ್ತುಗಳು ಚೆನ್ನೈನ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಅವನ ಸಂಗ್ರಹದ ಇನ್ನೊಂದು ಭಾಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ನಾಳೆ ಇವುಗಳ ಸೂಚಿಗಳನ್ನು ತಂತ್ರಾಂಶ ರಚನಕಾರರಿಗೆ ಒಪ್ಪಿಸುವುದಾದರೆ ಎಣಿಸಬೇಕಾದುದು ಸಂಪುಟವನ್ನೋ ಅದರೊಳಗಿನ ಒಂದೊಂದು ಊರಿನ ಕೈಫಿಯತ್ತನ್ನೋ? ಚೆನ್ನೈನ ಮೂಲವನ್ನೂ ಲಂಡನ್ನಿನ ಅನುವಾದವನ್ನೂ ಒಂದೆನ್ನಬೇಕೋ ಎರಡೆನ್ನಬೇಕೋ? ಇದನ್ನು ತೀರ್ಮಾನಿಸುವುದು ಗಣಕದಿಂದಾಗದು, ಕೈಫಿಯತ್ತನ್ನು ಓದಬಲ್ಲವರಿಂದ ಮಾತ್ರ ಸಾಧ್ಯ.

ಆದಕಾರಣ ಆಹ್ವಾನದ ಜತೆಗೆ ಮೂರು ಕಟ್ಟಳೆಗಳು ಇರಬೇಕೆಂಬುದು ನಮ್ಮ ಅಭಿಪ್ರಾಯ: ಘಟಕ ಯಾವುದೆಂಬ ವಿವರಣೆ ದತ್ತಾಂಶದೊಡನೆಯೇ ಇರಬೇಕು, ಪ್ರತಿಯೊಂದು ಪ್ರತಿಗೂ ದಿನಾಂಕ ಬೇಕು, ಹೊರಗಿನವರು ಮಾಡಿದ ತಿದ್ದುಪಡಿಗಳು ಪರಿಶೀಲನೆಗೊಂಡು ಮೂಲಸೂಚಿಗೆ ಮರಳಬೇಕು. ತಂತ್ರಾಂಶ ಬಲ್ಲವರು ಬರಲಿ. ಹಸ್ತಪ್ರತಿ ಬಲ್ಲವರು ಅವರ ಪಕ್ಕದಲ್ಲಿ ಕುಳಿತುಕೊಳ್ಳಲು ಸಿದ್ಧರಾಗಲಿ.